ನಿಮಗಿದು ಗೊತ್ತೇ? ಬಾಟಲಿ ನೂರು, ಒಡೆಯರು ಮೂರು

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಕಾವೇರಿ ದಂಡೆಯ ಊರು. ಕೆಆರ್‌ಎಸ್, ಕಬಿನಿ ಎರಡೂ ಭರ್ತಿಯಾಗಿ ನೀರು ಬಿಟ್ಟರೆ ದಾಸನಪುರ, ಹಳೇ ಹಂಪಾಪುರ, ಹಳೇ ಅಣಗಳ್ಳಿಗಳ ಜೊತೆ ಇದರ ಹೆಸರೂ ಪತ್ರಿಕೆಗೆ ಬರುತ್ತದೆ. ಕಬಿನಿಯು ಟಿ. ನರಸೀಪುರದಲ್ಲಿ ಕಾವೇರಿ ಸೇರುವ ಮೊದಲು ನಂಜನಗೂಡಿನ ಪಕ್ಕದಲ್ಲೇ ಹರಿಯುತ್ತದೆ. ಆ ಸೀಮೆಯಲ್ಲೇ, ಮೈಸೂರು–ನಂಜನಗೂಡು ಕೈಗಾರಿಕಾ ಪ್ರದೇಶಗಳಲ್ಲಿ, ದೇಶದ ಅತಿ ದೊಡ್ಡ ಬಿಯರ್ ಕಂಪನಿಗಳ ಕಾರ್ಖಾನೆಗಳಿವೆ. ಕೊಳ್ಳೇಗಾಲದ ವೈನ್ ಶಾಪಿನ ಫ್ರಿಜ್ಜಿನಲ್ಲಿ ಸಾಲಾಗಿ ನಿಂತ ಬಾಟಲಿಗಳಿಗೆ ಹತ್ತಾರು ಹೆಸರು. ಅವುಗಳಲ್ಲಿ ಬಹುಪಾಲಿನ ಒಡೆಯರನ್ನು ಎಣಿಸಲು ಒಂದು ಕೈಯ ಬೆರಳೂ ಹೆಚ್ಚು. ಹೀಗಾದದ್ದು ಹೇಗೆ?

● ದೊಡ್ಡವರು ಸಣ್ಣ ಬ್ರೂವರಿಗಳನ್ನು ಒಟ್ಟುಗೂಡಿಸಿಕೊಳ್ಳುವುದು ಈ ಕಾಲದ ಹೊಸ ಆಟವಲ್ಲ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಸೇರಿಸಿ ‘ಯುನೈಟೆಡ್ ಬ್ರೂವರೀಸ್’ (ಯುಬಿ) ಕಟ್ಟಿದ. ಅವುಗಳಲ್ಲಿ ಹಳೆಯದು ನೀಲಗಿರಿಯ ಕ್ಯಾಸಲ್ ಬ್ರೂವರಿ. ಅದು ಶುರುವಾದದ್ದು 1857ರಲ್ಲಿ. ಕಿಂಗ್‌ಫಿಶರ್ ಹುಟ್ಟಿದ ಮನೆಯೇ ಒಂದು ವಿಲೀನದ ಮನೆ.

● ಅಂದಿನ ಗಿರಾಕಿಗಳು ಬ್ರಿಟಿಷ್ ದಂಡಿನ ಸೈನಿಕರು. ದೊಡ್ಡ ಮರದ ಪೀಪಾಯಿಗಳಿಗೆ ಬಿಯರ್ ತುಂಬಿ ಎತ್ತಿನ ಗಾಡಿಯಲ್ಲಿ ಮದರಾಸು, ಬೆಂಗಳೂರು ಕಡೆಯ ದಂಡಿನ ಪ್ರದೇಶಗಳಿಗೆ ಸಾಗಿಸುತ್ತಿದ್ದರು.

● ಬಂಟ್ವಾಳ ಮೂಲದ ವಿಠಲ ಮಲ್ಯ 1947ರಲ್ಲಿ ಈ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರು. ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ.

● ಬೆಂಗಳೂರಿನ ‘ಯುಬಿ ಸಿಟಿ’ ಮಾಲ್ ನಿಂತಿರುವುದು ಕಂಪನಿಯ ಹಳೆಯ ಬ್ರೂವರಿ ಇದ್ದ ಜಾಗದಲ್ಲಿ. ಮುಂದಿನ ರಸ್ತೆ ಮೊದಲು ಗ್ರಾಂಟ್ ರೋಡ್, ಈಗ ವಿಠಲ ಮಲ್ಯ ರಸ್ತೆ.

● ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮದರಾಸು ಪ್ರಾಂತ್ಯದ ಪೂರ್ಣ ಪಾನನಿಷೇಧ 1948ರ ಅಕ್ಟೋಬರ್ 2ರ ಹೊತ್ತಿಗೆ ಎಲ್ಲ ಜಿಲ್ಲೆಗಳನ್ನೂ ಆವರಿಸಿತ್ತು. ಹಾಗಾಗಿ ಸ್ವಾತಂತ್ರ್ಯ ಬಂದ ಮೊದಲ ವರ್ಷಗಳಲ್ಲಿ ಮುಳ್ಳೂರಿನವರಿಗೆ ಬಿಯರ್ ಕುಡಿಯುವುದು ಕಾನೂನಿನ ಪ್ರಕಾರ ಅಪರಾಧ.

● ‘ನಾಕ್ ಔಟ್’ ನಮ್ಮ ಮೈಸೂರು ಬ್ರೂವರೀಸ್‌ನ ಬಿಯರ್. ಅದು ಕರ್ನಾಟಕದ ಬಾರುಗಳಲ್ಲಿ ಕೂತಲ್ಲೇ ಕೂತು ದೇಶ ಬದಲಿಸಿದ ಕಥೆ ಕೇಳಿ. ಈ ಶತಮಾನದ ಆರಂಭದಲ್ಲಿ ಕಂಪನಿಯನ್ನು ದಕ್ಷಿಣ ಆಫ್ರಿಕಾದ ಎಸ್‌ಎಬಿ ಕೊಂಡಿತು. ಎಸ್‌ಎಬಿ ಅಮೆರಿಕದ ಮಿಲ್ಲರ್ ಕಂಪನಿಯನ್ನು ಕೊಂಡು 2002ರಲ್ಲಿ ಎಸ್‌ಎಬಿಮಿಲ್ಲರ್ ಆಯಿತು. ಮುಂದೆ ಶಾ ವಾಲೇಸ್‌ನ ಹೇವರ್ಡ್ಸ್ 5000 ಅದರ ಬುಟ್ಟಿಗೆ ಬಿತ್ತು. 2006ರಲ್ಲಿ 12 ಕೋಟಿ ಡಾಲರಿಗೆ ಫಾಸ್ಟರ್ಸ್‌ನ ಭಾರತದ ವ್ಯವಹಾರವೂ ಬಂತು. 2016ರ ಅಕ್ಟೋಬರಿನಲ್ಲಿ ಇಡೀ ಎಸ್‌ಎಬಿಮಿಲ್ಲರನ್ನೇ ಬೆಲ್ಜಿಯಂನ ಎಬಿ ಇನ್‌ಬೆವ್ ನುಂಗಿತು. ಬೆಲೆ 10,000 ಕೋಟಿ ಡಾಲರಿಗೂ ಹೆಚ್ಚು. ಅದರದೇ ಬಡ್‌ವೈಸರ್ ಕುಡಿಯುವವನೂ ನಾಕ್ ಔಟ್ ಕುಡಿಯುವವನೂ ಈಗ ಒಂದೇ ಅಂಗಡಿಯ ಗಿರಾಕಿಗಳು.

● ಕಿಂಗ್‌ಫಿಶರ್? ಅದು ನೆದರ್ಲೆಂಡ್ಸಿನ ಹೈನೆಕೆನ್ ಪಾಲು. 2008ರಲ್ಲಿ ಸ್ಕಾಟಿಷ್ ಅಂಡ್ ನ್ಯೂಕ್ಯಾಸಲ್ ಎಂಬ ಬ್ರಿಟನ್ನಿನ ಕಂಪನಿಯನ್ನು ಹೈನೆಕೆನ್ ಮತ್ತು ಕಾರ್ಲ್ಸ್‌ಬರ್ಗ್ ಸೇರಿ ಕೊಂಡು ಹಂಚಿಕೊಂಡವು. ಆ ಕಂಪನಿಯ ಕೈಯಲ್ಲಿದ್ದ ಯುಬಿ ಷೇರುಗಳು ಹೈನೆಕೆನ್‌ಗೆ ಬಂದವು. ವಿಜಯ್ ಮಲ್ಯರ ವಿಮಾನ ಕಂಪನಿಯ ಸಾಲ ವಸೂಲಿಗೆಂದು 2021ರ ಜೂನ್‌ನಲ್ಲಿ ಇನ್ನೂ ಸುಮಾರು ಶೇ 15ರಷ್ಟು ಷೇರು ಮಾರಾಟಕ್ಕೆ ಬಂದಾಗ, 5,800 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಅವನ್ನೂ ಹೈನೆಕೆನ್ನೇ ಎತ್ತಿಕೊಂಡಿತು. ಅದರ ಪಾಲು ಶೇ 61.5ಕ್ಕೆ ಏರಿತು. ಐದು ಬ್ರೂವರಿ ಸೇರಿಸಿ ಹುಟ್ಟಿದ ಕಂಪನಿ ತಾನೇ ಇನ್ನೊಂದರ ಮಡಿಲು ಸೇರಲು 106 ವರ್ಷ ಹಿಡಿಯಿತು.

● ಒಡೆಯರು ಕಡಿಮೆಯಾದರೆ ಕುಡಿಯುವವನಿಗೇನು? ಉತ್ತರ ಭಾರತೀಯ ಸ್ಪರ್ಧಾ ಆಯೋಗದ 2021ರ ಸೆಪ್ಟೆಂಬರ್ ಆದೇಶದಲ್ಲಿದೆ. ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಮೂರು ಕಂಪನಿಗಳು ಬೆಲೆಯ ವಿಚಾರದಲ್ಲಿ ಒಳಒಪ್ಪಂದ ಮಾಡಿಕೊಂಡಿದ್ದವು ಎಂದು ಆಯೋಗ ಹೇಳಿತು. ಯುಬಿಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್‌ಗೆ ಸುಮಾರು 121 ಕೋಟಿ ರೂಪಾಯಿ ದಂಡ ಬಿತ್ತು. ಎಬಿ ಇನ್‌ಬೆವ್‌ಗೆ? ಒಂದು ಪೈಸೆಯೂ ಇಲ್ಲ. ಗುಟ್ಟನ್ನು ಮೊದಲು ಬಾಯಿಬಿಟ್ಟದ್ದು ಅದೇ. ಹಾಗೆ ಮಾಡಿದವರಿಗೆ ಕಾನೂನಿನಲ್ಲಿ ಮಾಫಿ ಉಂಟು.

● ಅಮೆರಿಕದಲ್ಲೂ ಇದೇ ಆಟ. ಅಲ್ಲಿ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಸ್ವತಂತ್ರ ಬ್ರೂವರಿಗಳ ಬಿಯರ್, ಬೇಟೆ ಜೋರಾದದ್ದು 2011ರಿಂದ. ಷಿಕಾಗೋದ ಗೂಸ್ ಐಲೆಂಡನ್ನು ಎಬಿ ಇನ್‌ಬೆವ್ 3.88 ಕೋಟಿ ಡಾಲರಿಗೆ ಕೊಂಡಿತು. ಮುಂದಿನ ಆರು ವರ್ಷಗಳಲ್ಲಿ ಬ್ಲೂ ಪಾಯಿಂಟ್, 10 ಬ್ಯಾರೆಲ್, ಎಲಿಸಿಯನ್, ಗೋಲ್ಡನ್ ರೋಡ್, ಕಾರ್‌ಬಾಕ್, ವಿಕೆಡ್ ವೀಡ್ ಎಲ್ಲವೂ ಅದೇ ದಾರಿ ಹಿಡಿದವು. ಲೇಬಲ್ಲಿನ ಮೇಲಿನ ಹೆಸರು ಮಾತ್ರ ಹಳೆಯದೇ.

● ಇದರಲ್ಲಿ ತಮಾಷೆಯೂ ಇದೆ. ಎಲಿಸಿಯನ್ ಕಂಪನಿ ದೊಡ್ಡ ಕಂಪನಿಗಳ ಬಿಯರನ್ನು ಬೈಯುವ ಘೋಷಣೆಯನ್ನೇ ಹಿಂದೆ ತನ್ನ ಲೇಬಲ್ಲಿನಲ್ಲಿ ಅಚ್ಚು ಹಾಕಿತ್ತು. 2015ರ ಜನವರಿಯಲ್ಲಿ ಅದು ಬಡ್‌ವೈಸರ್ ಒಡೆಯರಿಗೆ ಮಾರಾಟವಾಯಿತು. ಕೆಲವೇ ದಿನಗಳಲ್ಲಿ ಬಂದ ಬಡ್‌ವೈಸರ್ ಟಿವಿ ಜಾಹೀರಾತು ‘ಕುಂಬಳ–ಪೀಚ್ ಬಿಯರ್’ ಕುಡಿಯುವವರನ್ನು ಗೇಲಿ ಮಾಡಿತು. ಅಂಥದ್ದೊಂದು ಕುಂಬಳ–ಪೀಚ್ ಬಿಯರನ್ನು ಸ್ವತಃ ಎಲಿಸಿಯನ್ನೇ ತಯಾರಿಸಿತ್ತು!

● ಎಷ್ಟು ಪಾಲು ಮಾರಿದರೆ ‘ಸ್ವತಂತ್ರ’ ಪಟ್ಟ ಹೋಗುತ್ತದೆ? ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಲೆಕ್ಕದಲ್ಲಿ, ಕ್ರಾಫ್ಟ್ ತಯಾರಕನಲ್ಲದ ಮದ್ಯ ಕಂಪನಿಯ ಪಾಲು ಶೇ 25ಕ್ಕಿಂತ ಕಡಿಮೆ ಇರಬೇಕು. 2016ರಲ್ಲಿ ಜಪಾನಿನ ಕಿರಿನ್ ಕಂಪನಿ ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಯಲ್ಲಿ ಕೊಂಡ ಪಾಲು ಸುಮಾರು ಶೇ 24.5. ಗೆರೆಯ ಈಚೆಗೇ!

● ಎಬಿ ಇನ್‌ಬೆವ್‌ನ ಈ ಖರೀದಿಗಳಿಂದ ಬೇಸತ್ತ ಅದೇ ಸಂಘ 2017ರಲ್ಲಿ ‘ಎಲ್ಲರೂ ದುಡ್ಡು ಹಾಕಿ, ಆ ಕಂಪನಿಯನ್ನೇ ಕೊಂಡುಬಿಡೋಣ’ ಎಂದು ಅಣಕು ಚಂದಾ ಎತ್ತಿತು. ಗುರಿ: 21,300 ಕೋಟಿ ಡಾಲರ್.

● ಕೊಂಡವರೆಲ್ಲ ಗೆದ್ದರೆಂದಲ್ಲ. 2015ರಲ್ಲಿ ಸ್ಯಾನ್ ಡಿಯಾಗೋದ ಬ್ಯಾಲಸ್ಟ್ ಪಾಯಿಂಟನ್ನು ಕಾನ್‌ಸ್ಟಲೇಷನ್ ಕಂಪನಿ 100 ಕೋಟಿ ಡಾಲರಿಗೆ ಕೊಂಡಿತು. ನಾಲ್ಕೇ ವರ್ಷದಲ್ಲಿ ಅದನ್ನು ಮಾರಿದ್ದು ಯಾರಿಗೆ? ಕಿಂಗ್ಸ್ ಅಂಡ್ ಕಾನ್ವಿಕ್ಟ್ಸ್ ಎಂಬ, ಹೆಚ್ಚಿನವರು ಹೆಸರೇ ಕೇಳಿರದ ಪುಟ್ಟ ಬ್ರೂವರಿಗೆ. ಮೀನೇ ತಿಮಿಂಗಿಲವನ್ನು ನುಂಗಿದ ಅಪರೂಪದ ಪ್ರಸಂಗ.

● 2023ರಲ್ಲಿ ಎಬಿ ಇನ್‌ಬೆವ್ ತಾನು ಕೊಂಡಿದ್ದ ಬ್ಲೂ ಪಾಯಿಂಟ್, 10 ಬ್ಯಾರೆಲ್ ಸೇರಿ ಎಂಟು ಬ್ರ್ಯಾಂಡುಗಳನ್ನು ಒಟ್ಟಿಗೆ ಮಾರಿತು. ಕೊಂಡದ್ದು ಕೆನಡಾದ ಟಿಲ್‌ರೇ. ಅದರ ಮೂಲ ವ್ಯಾಪಾರ ಗಾಂಜಾ!

● 1896ರಿಂದ ನಡೆದುಬಂದ ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಬ್ರೂವರಿಯನ್ನು 2017ರಲ್ಲಿ ಜಪಾನಿನ ಸಪ್ಪೋರೊ ಕೊಂಡಿತು, 2023ರಲ್ಲಿ ಬಾಗಿಲು ಹಾಕಿತು. ಮರುವರ್ಷ ಅದನ್ನು ಕೊಂಡವರು ಮೊಸರಿನ ಉದ್ಯಮಿ: ಚೊಬಾನಿ ಸ್ಥಾಪಕ ಹಮ್ದಿ ಉಲುಕಾಯ.

● ಹಾಗಾದರೆ ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ ಈ ಬಲೆ ಏಕೆ ಬೀಳಲಿಲ್ಲ? ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್, ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಎಲ್ಲವೂ 2010ರ ನಂತರದ ಮೊದಲ ಕೆಲವು ವರ್ಷಗಳಲ್ಲಿ ತಲೆಯೆತ್ತಿದವು. ಆದರೆ ನಿಯಮದ ಪ್ರಕಾರ ಅವು ತಯಾರಿಸಿದ ಬಿಯರನ್ನು ಅಲ್ಲೇ ಬಡಿಸಬೇಕು. ಬಾಟಲಿಗೆ ತುಂಬಿ ಕೊಳ್ಳೇಗಾಲದ ಅಂಗಡಿಗೆ ಕಳಿಸುವಂತಿಲ್ಲ. ದೊಡ್ಡ ಕಂಪನಿಯ ನಿಜವಾದ ಬಲ ಇರುವುದು ಲಾರಿ, ಗೋದಾಮು, ಅಂಗಡಿಗಳ ಜಾಲದಲ್ಲಿ. ಆ ಜಾಲಕ್ಕೆ ಹತ್ತಿಸಲಾಗದ ಸರಕನ್ನು ಕೊಂಡು ಅದಕ್ಕೇನು ಲಾಭ? ಬೆಳೆಯಲು ಬಿಡದ ನಿಯಮವೇ ಸಣ್ಣವರಿಗೆ ಬೇಲಿಯೂ ಆಯಿತು.

● ಆ ಬೇಲಿ ಒಮ್ಮೆ ತುಸು ಸಡಿಲವಾದದ್ದುಂಟು. 2020ರ ಲಾಕ್‌ಡೌನಿನಲ್ಲಿ, ತಯಾರಾದ ಬಿಯರ್ ಕೆಟ್ಟುಹೋಗುತ್ತದೆಂದು, ಒಬ್ಬರಿಗೆ 2 ಲೀಟರ್‌ವರೆಗೆ ಪಾರ್ಸಲ್ ಕೊಡಲು ಸರ್ಕಾರ ಮೈಕ್ರೋಬ್ರೂವರಿಗಳಿಗೆ ತಾತ್ಕಾಲಿಕ ಅನುಮತಿ ನೀಡಿತು.

● ಕ್ಯಾನಿನಲ್ಲಿ ತುಂಬಿ ಮಾರಬೇಕೆನಿಸಿದಾಗ ಬೆಂಗಳೂರಿನ ಆರ್ಬರ್ ಹೋದದ್ದು ಗೋವಾಕ್ಕೆ.

● ಕೊಳ್ಳಲಾಗದ್ದನ್ನು ದೊಡ್ಡವರು ತಾವೇ ತೆರೆಯುತ್ತಾರೆ. ಬೆಂಗಳೂರಿನ ತಾಜ್ ಎಂ.ಜಿ. ರಸ್ತೆ ಹೋಟೆಲಿನಲ್ಲಿರುವ ‘7 ರಿವರ್ಸ್’ ಬ್ರೂಪಬ್ ನೋಡಲು ಕುಶಲಕರ್ಮಿಗಳ ಪುಟ್ಟ ಅಡ್ಡೆ. ಹಿಂದಿರುವುದು ತಾಜ್ ಸಮೂಹದ ಜೊತೆ ಕೈಜೋಡಿಸಿದ ಎಬಿ ಇನ್‌ಬೆವ್.

● ಬಾಟಲಿ ಬಿಯರಿನ ಸಗಟು ವ್ಯಾಪಾರ ನಮ್ಮಲ್ಲಿ 2003ರಿಂದ ಸರ್ಕಾರಿ ಪಾನೀಯ ನಿಗಮದ ಕೈಯಲ್ಲಿದೆ. ಲೇಬಲ್ ನೋಂದಣಿ, ಅದರ ಶುಲ್ಕ ಪ್ರತಿ ರಾಜ್ಯಕ್ಕೂ ಬೇರೆ. ಲಕ್ಷಾಂತರ ಪೆಟ್ಟಿಗೆ ಮಾರುವವನಿಗೆ ಇದು ಚಿಲ್ಲರೆ ಖರ್ಚು, ಸಾವಿರ ಪೆಟ್ಟಿಗೆಯವನಿಗೆ ಬೆನ್ನು ಮುರಿಯುವ ಹೊರೆ. ಸಣ್ಣವರು ದೊಡ್ಡವರ ಬಾಗಿಲು ತಟ್ಟುವುದಕ್ಕೆ ಇಂಥ ಕಾರಣಗಳೇ ಹೆಚ್ಚು.

● ಬಿರಾ 91 ಬಿಯರ್ ಕಂಪನಿಗೆ ಈ ಲೇಬಲ್ ನೋಂದಣಿಯ ಬಿಸಿ ಚೆನ್ನಾಗಿ ತಟ್ಟಿತು. ಷೇರುಪೇಟೆಗೆ ಹೋಗುವ ಸಿದ್ಧತೆಯಲ್ಲಿ ಕಂಪನಿಯ ಹೆಸರಿನಿಂದ ‘ಪ್ರೈವೇಟ್’ ಕಿತ್ತುಹಾಕಿದ್ದೇ ತಡ, ರಾಜ್ಯ ರಾಜ್ಯಗಳಲ್ಲಿ ಲೇಬಲ್ಲುಗಳನ್ನು ಹೊಸದಾಗಿ ನೋಂದಾಯಿಸಬೇಕಾಯಿತು. ತಿಂಗಳುಗಟ್ಟಲೆ ಮಾರಾಟ ಕುಸಿಯಿತು. ಅದರಲ್ಲಿ ಹಣ ಹೂಡಿದವರಲ್ಲಿ ಒಬ್ಬರು ಯಾರು ಬಲ್ಲಿರಾ? ಬ್ರೂಕ್ಲಿನ್‌ನಲ್ಲಿ ಪಾಲು ಕೊಂಡ ಅದೇ ಕಿರಿನ್.

● ಮೂವರ ಆಚೆಗೂ ಕೆಲವರಿದ್ದಾರೆ. ಪವರ್ ಕೂಲ್, ವುಡ್‌ಪೆಕರ್ ಬಿಯರ್‌ಗಳು ಭೋಪಾಲದ ಸೋಮ್ ಕಂಪನಿಯವು. ಹಾಸನದಲ್ಲಿ ಅದರದೊಂದು ಕಾರ್ಖಾನೆ ಇದೆ.

● ಒಡೆಯ ಯಾರೆಂದು ತಿಳಿಯಲು ಪತ್ತೇದಾರಿಕೆ ಬೇಡ. ಬಾಟಲಿ ತಿರುಗಿಸಿ, ಹಿಂಬದಿಯ ಸಣ್ಣಕ್ಷರದಲ್ಲಿ ತಯಾರಕರ ಹೆಸರು, ಕಾರ್ಖಾನೆಯ ಊರು ಓದಿ. ಅದರ ಹತ್ತಿರದಲ್ಲೇ ಇನ್ನೊಂದು ಸಾಲಿರುತ್ತದೆ: ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಸ್ವತಂತ್ರ ಬ್ರೂವರಿಯಾಗಲಿ, ಬೆಲ್ಜಿಯಂ ಕಂಪನಿಯಾಗಲಿ, ಆ ಸಾಲಿನಲ್ಲಿ ಯಾರಿಗೂ ರಿಯಾಯಿತಿ ಇಲ್ಲ.