ಮೆಟ್ಟಿಲ ಕೆಳಗಿನ ಮಗು

ಸ್ವರ್ಗರಾಜ್ಯದಲ್ಲಿ ಎಲ್ಲರಿಗಿಂತ ದೊಡ್ಡವನು ಯಾರೆಂದು ಶಿಷ್ಯರು ಕೇಳಿದಾಗ, ಯೇಸುಸ್ವಾಮಿ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದನು. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಬರುವ ಈ ಪ್ರಸಂಗವನ್ನು ಮೆಚ್ಚದವರಿಲ್ಲ. ಆದರೆ ಮೆಚ್ಚುವುದು ಸುಲಭ, ಅರಿಯುವುದು ಕಷ್ಟ. ಮಗುವಿನಂತಾಗುವುದೆಂದರೆ ಏನು? ಬುದ್ಧಿಯನ್ನು ಬದಿಗಿಡುವುದೆ? ಲೋಕದ ದುಃಖವನ್ನು ಕಾಣದಂತೆ ಕಣ್ಣು ಮುಚ್ಚಿಕೊಳ್ಳುವುದೆ?

ಈ ಪ್ರಶ್ನೆಗೆ ವಾದದಿಂದಲ್ಲ, ಬಾಳಿನಿಂದ ಉತ್ತರ ಕೊಟ್ಟವಳು ಫ್ರಾನ್ಸ್ ದೇಶದ ಲಿಸ್ಯೂ ಎಂಬ ಊರಿನ ಕಾರ್ಮೆಲ್ ಮಠದ ಸನ್ಯಾಸಿನಿ ತೆರೇಸಾ. ಸ್ಪೇನಿನ ಆವಿಲಾದ ಮಹಾತೆರೇಸಾಳಿಂದ ಬೇರ್ಪಡಿಸಿ ಹೇಳುವುದಕ್ಕಾಗಿ ಭಕ್ತರು ಈಕೆಯನ್ನು ಚಿಕ್ಕ ತೆರೇಸಾ ಎನ್ನುತ್ತಾರೆ. ಇದೇ ಸಂಪ್ರದಾಯದ ಮಠವೊಂದು ಫ್ರೆಂಚ್ ಸನ್ಯಾಸಿನಿಯರಿಂದ 1870ರಲ್ಲಿ ನಮ್ಮ ಮಂಗಳೂರಿನಲ್ಲಿಯೂ ಸ್ಥಾಪಿತವಾಯಿತು.

1873ರಲ್ಲಿ ಹುಟ್ಟಿದ ತೆರೇಸಾಳ ಬಾಲ್ಯ ಬರಿಯ ಸುಖದ್ದಲ್ಲ. ನಾಲ್ಕೂವರೆ ವರ್ಷದವಳಿದ್ದಾಗಲೇ ತಾಯಿ ತೀರಿಕೊಂಡಳು. ತಾಯಿಯ ಸ್ಥಾನದಲ್ಲಿ ನಿಂತ ಅಕ್ಕ ಪೊಲೀನ್ 1882ರಲ್ಲಿ ಮಠ ಸೇರಿದಳು. 1888ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ತೆರೇಸಾಳೂ ಅದೇ ಮಠವನ್ನು ಹೊಕ್ಕಳು. ಮರುವರ್ಷವೇ ಅವಳ ಪ್ರೀತಿಯ ತಂದೆ ಬುದ್ಧಿವಿಕಲತೆಗೊಳಗಾಗಿ ಆಸ್ಪತ್ರೆ ಸೇರಬೇಕಾಯಿತು. ಮನುಷ್ಯರ ತೋಳು ಸೋಲುವುದನ್ನು ಹೀಗೆ ಕಣ್ಣಾರೆ ಕಂಡವಳೇ ಸೋಲದ ತೋಳೊಂದುಂಟೆಂದು ನಂಬಿದಳು.

ಆ ಕಾಲಕ್ಕೆ ಶ್ರೀಮಂತರ ಮನೆಗಳಿಗೆ ಲಿಫ್ಟು ಹೊಸದಾಗಿ ಬಂದಿತ್ತು. ತೆರೇಸಾ ಅದನ್ನೇ ತನ್ನ ಸಾಧನೆಗೆ ಉಪಮಾನವಾಗಿ ಬಳಸಿದಳು. ಪೂರ್ಣತೆಯ ಮೆಟ್ಟಿಲುಗಳು ಬಲು ಕಡಿದು, ತಾನೋ ಚಿಕ್ಕವಳು, ತನ್ನನ್ನು ಮೇಲಕ್ಕೊಯ್ಯುವ ಲಿಫ್ಟು ಯೇಸುವಿನ ತೋಳುಗಳೇ. ಆದುದರಿಂದ ತಾನು ಬೆಳೆಯಬೇಕಾಗಿಲ್ಲ, ಇನ್ನೂ ಚಿಕ್ಕವಳಾಗಬೇಕು! ಪ್ರಾರ್ಥನೆಯ ವೇಳೆ ತನಗೆ ನಿದ್ದೆ ಬರುತ್ತಿದ್ದುದಕ್ಕೂ ಅವಳು ಎದೆಗುಂದಲಿಲ್ಲ. ಮಲಗಿದ ಮಗುವೂ ಎಚ್ಚರವಿದ್ದ ಮಗುವಿನಷ್ಟೇ ಹೆತ್ತವರಿಗೆ ಪ್ರಿಯವಲ್ಲವೆ?

ಹಾಗಾದರೆ ಮನುಷ್ಯನ ಪ್ರಯತ್ನಕ್ಕೆ ಬೆಲೆಯಿಲ್ಲವೆ? ನಮ್ಮ ಶ್ರೀವೈಷ್ಣವ ಆಚಾರ್ಯರೂ ಇದೇ ಪ್ರಶ್ನೆಯನ್ನು ಎರಡು ನ್ಯಾಯಗಳ ಮೂಲಕ ವಿಚಾರಿಸಿದ್ದಾರೆ. ಮರ್ಕಟಕಿಶೋರ ನ್ಯಾಯದಲ್ಲಿ ಕೋತಿಯ ಮರಿ ತಾನೇ ತಾಯಿಯನ್ನು ಬಿಗಿಯಾಗಿ ಹಿಡಿದಿರಬೇಕು. ಮಾರ್ಜಾಲಕಿಶೋರ ನ್ಯಾಯದಲ್ಲಿ ತಾಯಿಬೆಕ್ಕೇ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ. ತೆರೇಸಾ ತನ್ನ ಕೈಕೆಳಗಿನ ಕಿರಿಯ ಸನ್ಯಾಸಿನಿಗೆ ಹೇಳಿದ ದೃಷ್ಟಾಂತದಲ್ಲಿ ಇವೆರಡೂ ಕೂಡಿವೆ. ಮೆಟ್ಟಿಲ ಕೆಳಗೆ ನಿಂತ ಹಸುಳೆ ಮೇಲಿರುವವರ ಬಳಿ ಹೋಗಲು ಪುಟ್ಟ ಕಾಲನ್ನು ಎತ್ತುತ್ತದೆ, ಮೊದಲ ಮೆಟ್ಟಿಲೂ ಏರಲಾಗದು, ಮತ್ತೆ ಎತ್ತುತ್ತದೆ. ಕೊನೆಗೆ ದೇವರೇ ಇಳಿದು ಬಂದು ಅದನ್ನು ಎತ್ತಿಕೊಳ್ಳುತ್ತಾನೆ. ಏರಿಸುವುದು ಅವನ ಕೆಲಸ. ಕಾಲೆತ್ತುವುದನ್ನು ನಿಲ್ಲಿಸದಿರುವುದು ಮಗುವಿನ ಕೆಲಸ.

ಈ ಮಾತಿಗೆ ಪರೀಕ್ಷೆಯೂ ಬಂದಿತು. 1896ರ ಶುಭ ಶುಕ್ರವಾರದ ಹಿಂದಿನ ರಾತ್ರಿ ಅವಳ ಬಾಯಲ್ಲಿ ರಕ್ತ ಕಾಣಿಸಿಕೊಂಡಿತು, ಅದು ಕ್ಷಯ. ಅದಾದ ಕೆಲವೇ ದಿನಗಳಲ್ಲಿ, ಈಸ್ಟರ್ ಹಬ್ಬದ ಸಮಯದಲ್ಲಿ, ರೋಗಕ್ಕಿಂತ ಘೋರವಾದ ಕತ್ತಲೆ ಅವಳ ಮನಸ್ಸನ್ನು ಕವಿಯಿತು. ಸ್ವರ್ಗವೆಂಬುದೇ ಇಲ್ಲ, ಸಾವಿನಾಚೆ ಇರುವುದು ಶೂನ್ಯದ ಇರುಳು ಮಾತ್ರ ಎಂದು ಆ ಕತ್ತಲೆ ಅವಳನ್ನು ಅಣಕಿಸಿತು. ಹದಿನೆಂಟು ತಿಂಗಳು ಅದು ಸರಿಯಲಿಲ್ಲ. ಅವಳು ನಂಬಿಕೆಯಿಲ್ಲದವರನ್ನು ಹಳಿಯಲಿಲ್ಲ. ಅವರನ್ನು ಸೋದರರೆಂದೆಣಿಸಿ, ಅವರ ಪಂಕ್ತಿಯಲ್ಲಿಯೇ ಕುಳಿತು ದುಃಖದ ರೊಟ್ಟಿಯನ್ನು ತಿನ್ನಲು ಒಪ್ಪಿದಳು. ಬೆಳಕು ಕಾಣದಿದ್ದರೂ, ನಂಬುತ್ತೇನೆಂದು ದಿನದಿನವೂ ಹೇಳುತ್ತಲೇ ಇದ್ದಳು.

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಮುಗ್ಧತೆ ಕತ್ತಲೆಯನ್ನು ಅರಿಯದು. ವಿಶ್ವಾಸ ಕತ್ತಲೆಯನ್ನು ಅರಿತೂ ಕೈ ಚಾಚುತ್ತದೆ. ಹಗಲಿನಲ್ಲಿ ತಾಯಿಯ ಮುಖವನ್ನು ನೋಡಿ ನಗುವುದು ಎಲ್ಲ ಮಕ್ಕಳಿಗೂ ಸಹಜ. ಇರುಳಿನಲ್ಲಿ ಮುಖ ಕಾಣದಾಗಲೂ ಅಮ್ಮಾ ಎಂದು ಕರೆಯುವ ಮಗುವೇ ಅವಳನ್ನು ನಿಜವಾಗಿ ನಂಬಿದ ಮಗು.

1897ರ ಸೆಪ್ಟೆಂಬರ್ 30ರಂದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ತೆರೇಸಾ ತೀರಿಕೊಂಡಳು. ಮರುವರ್ಷ ಪ್ರಕಟವಾದ ಅವಳ ಆತ್ಮಕಥನ ಲೋಕವನ್ನೆಲ್ಲ ಸುತ್ತಿತು. ಕ್ಯಾಥೊಲಿಕ್ ಧರ್ಮಸಭೆ 1925ರಲ್ಲಿ ಅವಳನ್ನು ಸಂತಳೆಂದು ಸಾರಿತು. 1997ರಲ್ಲಿ ತನ್ನ ಮಹಾ ಆಚಾರ್ಯರ ಸಾಲಿಗೆ ಸೇರಿಸಿತು. ಯಾರು ದೊಡ್ಡವರೆಂದು ಕೇಳಿದ ಶಿಷ್ಯರ ನಡುವೆ ಅಂದು ನಿಂತ ಮಗುವಿನ ಹೆಸರನ್ನು ಸುವಾರ್ತೆ ಹೇಳುವುದಿಲ್ಲ. ಬಹುಶಃ ಆ ಸ್ಥಾನ ಎಲ್ಲರಿಗೂ ತೆರವಾಗಿರಲೆಂದೇ ಇರಬೇಕು.