ಆರದ ಅಯಸ್ಕಾಂತದ ಸನ್ನಿಧಿಯಲ್ಲಿ

ಚಳ್ಳಕೆರೆಯ ಮಂಡಿಯಲ್ಲಿ ಕಡಲೆಕಾಯಿ ಮೂಟೆ ಹೊತ್ತು ಬೆನ್ನು ಹಿಡಿದವನಾಗಲಿ, ಮೊಳಕಾಲ್ಮೂರಿನ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ವರ್ಷಗಟ್ಟಲೆ ಕುಳಿತು ಸೊಂಟದ ನರ ಸೆಳೆಯತೊಡಗಿದ ನೇಕಾರನಾಗಲಿ, ವೈದ್ಯರು ಬರೆದುಕೊಟ್ಟ ಚೀಟಿಯನ್ನು ಹಿಡಿದು ಎಂ.ಆರ್.ಐ. ಪರೀಕ್ಷೆಗೆಂದು ಚಿತ್ರದುರ್ಗಕ್ಕೋ ದಾವಣಗೆರೆಗೋ ಬಳ್ಳಾರಿಗೋ ಹೊರಡುವಾಗ ಒಬ್ಬನೇ ಹೊರಡುವುದು ಈ ಸೀಮೆಯ ವಾಡಿಕೆಯಲ್ಲ. ಹೆಂಡತಿ, ಅಣ್ಣ, ಭಾವಮೈದುನ, ಆಸ್ಪತ್ರೆಯ ವ್ಯವಹಾರ ಬಲ್ಲವನೆಂದು ಊರಲ್ಲಿ ಹೆಸರಾದ ಒಬ್ಬ ಹಿರಿಯ, ಇಷ್ಟು ಮಂದಿಯಾದರೂ ಜೊತೆಗಿರುತ್ತಾರೆ. ಇವರೆಲ್ಲರ ಮನಸ್ಸಿನಲ್ಲಿರುವ ಭಯ ಸಾಮಾನ್ಯವಾಗಿ ಒಂದೇ: ಆ ದೊಡ್ಡ ಯಂತ್ರದಿಂದ ಹೊರಡುವ ‘ಕಿರಣ’ ರೋಗಿಗೆ ಏನಾದರೂ ಮಾಡೀತೆ ಎಂಬುದು. ಎಕ್ಸರೇ ಮತ್ತು ಸಿ.ಟಿ. ಯಂತ್ರಗಳ ವಿಷಯದಲ್ಲಿ ಈ ಶಂಕೆಗೆ ಸ್ವಲ್ಪಮಟ್ಟಿನ ಆಧಾರವುಂಟು, ಎಂ.ಆರ್.ಐ. ಯಂತ್ರದಲ್ಲಿ ಅಂಥ ಕಿರಣವೇ ಇಲ್ಲವಾದುದರಿಂದ ಇಲ್ಲಿ ಅದು ನಿರಾಧಾರವಾದುದು. ಅಪಾಯವಿರುವುದು ಬೇರೆ ಕಡೆಯಲ್ಲಿ. ಅದಕ್ಕೆ ಗುರಿಯಾಗತಕ್ಕವರಲ್ಲಿ ಒಳಗೆ ಮಲಗಿದ ರೋಗಿಗಿಂತಲೂ ಬಾಗಿಲಲ್ಲಿ ಕಾದು ನಿಂತ ಬಂಧು, ಸಿಲಿಂಡರನ್ನು ತಳ್ಳಿಕೊಂಡು ಬಂದ ವಾರ್ಡ್‌ಬಾಯ್, ನೆಲ ಒರೆಸಲು ಬಂದ ಹೆಂಗಸು, ಇವರೇ ಮೊದಲಿಗರು.

ಕಾರಣವನ್ನು ತಿಳಿಯಬೇಕಾದರೆ ಯಂತ್ರದ ಹೊಟ್ಟೆಯೊಳಗೆ ಏನಿದೆಯೆಂಬುದನ್ನು ಒಂದಿಷ್ಟು ನೋಡಬೇಕು. ರೋಗಿಯನ್ನು ಸರಿಸುವ ಆ ಸುರಂಗದ ಸುತ್ತ ನಯೋಬಿಯಂ ಮತ್ತು ಟೈಟೇನಿಯಂ ಲೋಹಗಳ ಮಿಶ್ರಣದ ತಂತಿಯನ್ನು ಮೈಲಿಗಟ್ಟಲೆ ಸುತ್ತಿ, ಶೂನ್ಯಕ್ಕಿಂತ 269 ಡಿಗ್ರಿ ಕೆಳಗಿನ ಶೈತ್ಯದಲ್ಲಿರುವ ದ್ರವ ಹೀಲಿಯಂನಿಂದ ಅದನ್ನು ತಣ್ಣಗಿರಿಸಿರುತ್ತಾರೆ. ಆ ಶೈತ್ಯದಲ್ಲಿ ತಂತಿಗೆ ವಿದ್ಯುತ್ತನ್ನು ತಡೆಯುವ ಗುಣವೇ ಉಳಿಯುವುದಿಲ್ಲ. ಒಮ್ಮೆ ಹರಿಯಬಿಟ್ಟ ಪ್ರವಾಹವು ಹೊರಗಿನ ಯಾವ ಪೂರೈಕೆಯನ್ನೂ ಬೇಡದೆ ವರ್ಷಾನುಗಟ್ಟಲೆ ತನ್ನಷ್ಟಕ್ಕೆ ತಾನೇ ಸುತ್ತುತ್ತಿರುತ್ತದೆ. ಹೀಗೆ ಹುಟ್ಟುವ ಕಾಂತಕ್ಷೇತ್ರದ ಬಲ ಸಾಧಾರಣ ಯಂತ್ರಗಳಲ್ಲಿ 1.5 ಟೆಸ್ಲಾ, ದೊಡ್ಡವುಗಳಲ್ಲಿ 3 ಟೆಸ್ಲಾ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಬಲವು ನಮ್ಮ ಭಾಗದಲ್ಲಿ ಎಷ್ಟಿದೆಯೋ ಅದರ 35,000 ಪಟ್ಟಿಗಿಂತಲೂ 1.5 ಟೆಸ್ಲಾ ಅಧಿಕವಾದುದು. ಶರೀರದ ನೀರಿನಲ್ಲಿರುವ ಜಲಜನಕದ ಪರಮಾಣುಗಳ ಬೀಜಗಳು ಈ ಕ್ಷೇತ್ರಕ್ಕೆ ಅಭಿಮುಖವಾಗಿ ನಿಲ್ಲುತ್ತವೆ. ರೇಡಿಯೋ ತರಂಗಗಳಿಂದ ಅವುಗಳನ್ನು ಕದಲಿಸಿ, ಮರಳಿ ನಿಲ್ಲುವಾಗ ಅವು ಕೊಡುವ ಸಂಕೇತವನ್ನು ಹಿಡಿದು ಗಣಕವು ಚಿತ್ರವನ್ನು ರಚಿಸುತ್ತದೆ.

ಈ ವಿದ್ಯೆಗೆ ನಮ್ಮ ನಾಡು ಹೊರತಾದುದಲ್ಲವೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಹರಿಯುವ ದ್ರವದಿಂದ ಬರುವ ಇಂಥ ಸಂಕೇತಗಳು ನಿಶ್ಚಲ ದ್ರವದ ಸಂಕೇತಗಳಿಗಿಂತ ಹೇಗೆ ಭಿನ್ನವೆಂಬುದನ್ನು 1951ರಷ್ಟು ಹಿಂದೆಯೇ ಪ್ರಯೋಗದಿಂದ ತೋರಿಸಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು, ರಕ್ತನಾಳಗಳ ಹರಿವನ್ನು ಇದೇ ಯಂತ್ರದಿಂದ ನೋಡುವ ಇಂದಿನ ವಿಧಾನದ ಚರಿತ್ರೆಯನ್ನು ಬರೆಯುವವರು ಅವರ ಹೆಸರನ್ನು ಸ್ಮರಿಸುತ್ತಾರೆ. ಅದೇ ಸಂಸ್ಥೆ ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ 1500 ಎಕರೆಯ ತನ್ನ ಎರಡನೆಯ ಆವರಣವನ್ನು ಹೊಂದಿದೆ.

ಮೇಲಿನ ವಿವರಣೆಯಲ್ಲಿ ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಅಂಶವೊಂದೇ: ಈ ಅಯಸ್ಕಾಂತ ಆರುವುದಿಲ್ಲ. ಗಣಕದ ಪರದೆ ಕಪ್ಪಾಗಿದ್ದರೂ, ರಾತ್ರಿ ಕೋಣೆಗೆ ಬೀಗ ಹಾಕಿದ್ದರೂ, ಊರಿಗೆಲ್ಲ ಕರೆಂಟು ಹೋಗಿದ್ದರೂ, ಭಾನುವಾರವಾಗಿದ್ದರೂ ಅದರ ಸೆಳೆತ ತಿಲಮಾತ್ರವೂ ಕಡಮೆಯಾಗಿರುವುದಿಲ್ಲ. ‘ಮಿಷನ್ ಆಫ್ ಆಗಿದೆ, ಬನ್ನಿ’ ಎಂಬ ಮಾತು ಇಲ್ಲಿ ಯಾವ ಕಾಲಕ್ಕೂ ನಿಜವಲ್ಲ. ಇನ್ನೊಂದು ವಿಶೇಷವೆಂದರೆ, ಈಗಿನ ಯಂತ್ರಗಳಲ್ಲಿ ಕಾಂತಕ್ಷೇತ್ರವು ಹೊರಗೆ ಹರಡದಂತೆ ಕಟ್ಟುಮಾಡಿರುವುದರಿಂದ, ಬಾಗಿಲ ಬಳಿ ಏನೂ ಇಲ್ಲವೆಂಬಂತಿದ್ದು ಯಂತ್ರದ ಬಾಯಿಯ ಹತ್ತಿರ ಒಮ್ಮೆಗೇ ಪ್ರಚಂಡವಾಗುತ್ತದೆ. ಕಟ್ಟೆಯಿಲ್ಲದ ಬಾವಿಯಂತೆ ಒಂದು ಹೆಜ್ಜೆಯ ಅಂತರದಲ್ಲಿ ಎಲ್ಲವೂ ಬದಲಾಗುತ್ತದೆ. ಕೈಯಲ್ಲಿರುವ ಉಕ್ಕಿನ ವಸ್ತು ಮೊದಲು ಮೆಲ್ಲನೆ ಎಳೆದಂತಾಗಿ, ಅದೇನೆಂದು ಅರಿಯುವಷ್ಟರಲ್ಲಿ ತನ್ನ ತೂಕಕ್ಕಿಂತ ಅನೇಕ ಪಟ್ಟು ಬಲದಿಂದ ಕೈತಪ್ಪಿ ಹಾರುತ್ತದೆ.

ಹಾಗೆ ಹಾರಿದವುಗಳಲ್ಲಿ ಅತ್ಯಂತ ಘೋರವಾದುದು ಆಮ್ಲಜನಕದ ಸಿಲಿಂಡರು. 2001ರ ಜುಲೈಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಒಂದು ಆಸ್ಪತ್ರೆಯಲ್ಲಿ, ಯಂತ್ರದೊಳಗಿದ್ದ ಆರು ವರ್ಷದ ಬಾಲಕನಿಗೆ ಆಮ್ಲಜನಕ ಬೇಕಾಯಿತೆಂದು ಒಳಗೆ ತಂದ ಸಿಲಿಂಡರು ಹಾರಿ ಅವನ ತಲೆಗೆ ಬಡಿದು ಆ ಮಗು ತೀರಿಕೊಂಡಿತು. 2014ರ ನವೆಂಬರಿನಲ್ಲಿ ನವಿ ಮುಂಬಯಿಯ ಕ್ಯಾನ್ಸರ್ ಸಂಶೋಧನ ಕೇಂದ್ರವೊಂದರಲ್ಲಿ ಇಬ್ಬರು ನೌಕರರು ಸಿಲಿಂಡರಿಗೂ ಯಂತ್ರಕ್ಕೂ ನಡುವೆ ಸಿಕ್ಕಿ ಸುಮಾರು ನಾಲ್ಕು ತಾಸು ಬಿಡುಗಡೆಯಿಲ್ಲದೆ ನರಳಿದರು. 2018ರ ಜನವರಿ 27ರಂದು ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ, ರೋಗಿಯೊಡನೆ ಬಂದಿದ್ದ ಯುವಕನೊಬ್ಬ ಸಿಲಿಂಡರನ್ನು ಹಿಡಿದು ಒಳಹೊಕ್ಕು, ಅದರೊಡನೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡ. ಯಂತ್ರ ನಿಂತಿದೆಯೆಂದು ಸಿಬ್ಬಂದಿಯೇ ಹೇಳಿದ್ದರೆಂಬುದು ಬಂಧುಗಳ ದೂರಾಗಿತ್ತು. 2025ರ ಜುಲೈಯಲ್ಲಿ ಮತ್ತೆ ನ್ಯೂಯಾರ್ಕಿನ ಬಳಿ, ಪರೀಕ್ಷೆಗೊಳಗಾಗಿದ್ದ ಹೆಂಡತಿಯನ್ನು ಎಬ್ಬಿಸಲು ಒಳಗೆ ಹೋದ ಗಂಡನು ಕೊರಳಲ್ಲಿ ತೊಟ್ಟಿದ್ದ ಭಾರವಾದ ಸರಪಳಿಯ ದೆಸೆಯಿಂದ ಎಳೆಯಲ್ಪಟ್ಟು ಮರುದಿನ ಸತ್ತ. ಆ ಬಾಲಕನೊಬ್ಬನನ್ನು ಬಿಟ್ಟರೆ ಇವರಾರೂ ಪರೀಕ್ಷೆಗೆಂದು ಬಂದವರಲ್ಲ. ಎಲ್ಲರೂ ಯಾರಿಗೋ ಸಹಾಯ ಮಾಡಲು ಒಳಗೆ ಹೋದವರು.

ರೋಗಿಯನ್ನಾದರೋ ಕೂಡಿಸಿಕೊಂಡು ಹತ್ತು ಪ್ರಶ್ನೆ ಕೇಳುತ್ತಾರೆ, ಬಟ್ಟೆ ಬದಲಾಯಿಸುತ್ತಾರೆ; ಸಹಾಯಕ್ಕೆ ಧಾವಿಸುವವನನ್ನು ಕೇಳುವವರಿಲ್ಲ. ಮೊದಲನೆಯ ದುರಂತದ ತರುವಾಯ ಅಮೆರಿಕದ ವಿಕಿರಣ ವೈದ್ಯರ ಸಂಘವು ರೂಪಿಸಿದ ನಿಯಮಗಳ ತಿರುಳು ಈ ಕೊರತೆಯನ್ನು ನೀಗಿಸುವುದೇ ಆಗಿದೆ. ಅವುಗಳ ಪ್ರಕಾರ ಸ್ಥಳವನ್ನು ನಾಲ್ಕು ವಲಯಗಳಾಗಿ ವಿಭಾಗಿಸುತ್ತಾರೆ: ಎಲ್ಲರೂ ಓಡಾಡುವ ಹೊರಗಣ, ವಿಚಾರಿಸಿ ಕೂಡಿಸುವ ಎಡೆ, ಬೀಗವಿರುವ ನಿಯಂತ್ರಣದ ಕೋಣೆ, ಕಡೆಯದಾಗಿ ಅಯಸ್ಕಾಂತವಿರುವ ಗರ್ಭ. ಮೂರನೆಯ ಬಾಗಿಲಿಂದ ಮುಂದಕ್ಕೆ ತರಬೇತಿ ಪಡೆದ ಸಿಬ್ಬಂದಿಯ ಅನುಮತಿಯಿಲ್ಲದೆ ಯಾರೂ, ಅಂದರೆ ಮುಖ್ಯ ವೈದ್ಯರಾಗಲಿ ಪೋಲೀಸರಾಗಲಿ ಬೆಂಕಿ ಆರಿಸುವವರಾಗಲಿ, ಹೋಗತಕ್ಕದ್ದಲ್ಲ. ನಮ್ಮಲ್ಲಿ ಈ ನಿಯಮ ಮುರಿಯುವುದು ಅಜ್ಞಾನದಿಂದ ಎಷ್ಟೋ ಅಷ್ಟೇ ದಾಕ್ಷಿಣ್ಯದಿಂದ. ದೊಡ್ಡವರು ಬಂದರೆಂದು ಬಾಗಿಲು ತೆರೆಯುವ ಅಭ್ಯಾಸದ ಫಲವಾಗಿ 2017ರಲ್ಲಿ ಲಖನೌದ ಆಸ್ಪತ್ರೆಯಲ್ಲಿ ಮಂತ್ರಿಯೊಬ್ಬರ ಅಂಗರಕ್ಷಕನ ಪಿಸ್ತೂಲು ಯಂತ್ರಕ್ಕೆ ಹೋಗಿ ಅಂಟಿಕೊಂಡಿತು. ಅಲ್ಪ ಸಂಬಳದ ಯುವ ತಂತ್ರಜ್ಞನೊಬ್ಬ ‘ನಿಲ್ಲಿ’ ಎಂದಾಗ ನಿಲ್ಲುವಂತೆ ಎಲ್ಲರನ್ನೂ ಒಪ್ಪಿಸದ ಆಸ್ಪತ್ರೆ ಎಷ್ಟು ಬೆಲೆಯ ಯಂತ್ರವನ್ನು ತಂದಿದ್ದರೂ ಸುರಕ್ಷಿತವಲ್ಲವೆಂಬುದು ನನ್ನ ಅಭಿಪ್ರಾಯ.

ಅಲ್ಲಿ ಕೆಲಸ ಮಾಡುವವರು ಕಲಿಯಬೇಕಾದ ಮತ್ತೊಂದು ವಿಷಯ ಸ್ವಭಾವಕ್ಕೆ ವಿರುದ್ಧವಾದುದು. ಒಳಗಿರುವ ರೋಗಿಯ ಉಸಿರು ನಿಂತಿತೆಂದರೆ ಔಷಧ, ಯಂತ್ರ, ಸಿಲಿಂಡರುಗಳೊಡನೆ ಒಳಗೆ ನುಗ್ಗುವುದು ವೈದ್ಯಧರ್ಮವೆಂದು ಎಲ್ಲಿಯೂ ಕಲಿಸಿರುತ್ತಾರೆ. ಇಲ್ಲಿ ಹಾಗೆ ಮಾಡಬಾರದು. ಎದೆಯನ್ನು ಒತ್ತುತ್ತಲೇ ರೋಗಿಯನ್ನು ಹೊರಗೆ ತಂದು, ಬಾಗಿಲನ್ನು ಮುಚ್ಚಿ, ಹೊರಗಡೆ ಮುಂದಿನ ಚಿಕಿತ್ಸೆಯನ್ನು ನಡೆಸಬೇಕು. ಆಂಬುಲೆನ್ಸಿನಲ್ಲಿ ಬಂದ ಸ್ಟ್ರೆಚರು ಹೊರಗೇ ನಿಲ್ಲಬೇಕು. ಒಳಗಿನ ಉಪಯೋಗಕ್ಕೆ ಕಾಂತಕ್ಕೆ ಸಿಕ್ಕದ ಲೋಹದ ಬೇರೊಂದು ಬಂಡಿ ಇರಬೇಕು. ಆಮ್ಲಜನಕವು ಗೋಡೆಯ ಕೊಳವೆಯಿಂದ ಬರುವಂತಿದ್ದರೆ ಲೇಸು. ಅಲ್ಯುಮಿನಿಯಂ ಸಿಲಿಂಡರನ್ನು ಇಟ್ಟುಕೊಂಡವರು ಅದೇ ಬಣ್ಣದ ಉಕ್ಕಿನ ಸಿಲಿಂಡರನ್ನು ಅದೇ ಓಣಿಯಲ್ಲಿ ನಿಲ್ಲಿಸಿದರೆಂದರೆ ವಿಪತ್ತಿಗೆ ಪೀಠ ಹಾಕಿದಂತೆಯೇ. ಹಸುರು ಚೌಕದ ಗುರುತಿದ್ದ ವಸ್ತು ನಿರಪಾಯಕರ, ಹಳದಿ ತ್ರಿಕೋನವಿದ್ದುದು ಷರತ್ತಿಗೊಳಪಟ್ಟದ್ದು, ಕೆಂಪು ವೃತ್ತದಲ್ಲಿ ಅಡ್ಡಗೆರೆಯಿದ್ದುದು ನಿಷಿದ್ಧ. ಗುರುತಿಲ್ಲದ್ದು ನಿಷಿದ್ಧವೆಂದೇ ತಿಳಿಯತಕ್ಕದ್ದು.

ಇನ್ನು ಮೈಮೇಲಿನ ವಸ್ತುಗಳ ಸಂಗತಿ. ಮುದ್ರಿತ ಪ್ರಶ್ನಪತ್ರಿಕೆಯಲ್ಲಿ ‘ಲೋಹದ ವಸ್ತುಗಳಿವೆಯೆ’ ಎಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳು ಇಲ್ಲವೆಂದೇ ಹೇಳುವರು. ತಾಳಿಸರಕ್ಕೋ ಬಳೆಗೋ ಸಿಕ್ಕಿಸಿಕೊಂಡ ನಾಲ್ಕಾರು ಪಿನ್ನುಗಳು ಒಡವೆಯೆಂದೂ ಲೋಹವೆಂದೂ ಅವರ ನೆನಪಿಗೆ ಬರುವುದಿಲ್ಲ. ಹೇರ್‌ಪಿನ್ನು, ಕುಪ್ಪಸದ ಹುಕ್ಕು, ರಟ್ಟೆಯ ತಾಯಿತ, ಶನಿಕಾಟಕ್ಕೆಂದು ತೊಟ್ಟ ಕಬ್ಬಿಣದ ಉಂಗುರ, ಗಂಡಸರ ಉಡುದಾರಕ್ಕೆ ಕಟ್ಟಿದ ಬೀಗದ ಕೈ, ಒಳಜೇಬಿನ ಮೊಬೈಲು, ಇವುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕೇಳಬೇಕು. ಇವುಗಳಲ್ಲಿ ಉಕ್ಕಿನವು ಹಾರುವಂಥವು. ಬೆಳ್ಳಿಬಂಗಾರಗಳು ಹಾರುವುದಿಲ್ಲ, ಆದರೆ ಅವು ಅಪಾಯವಿಲ್ಲದವೆಂದು ತಿಳಿಯುವುದು ಎರಡನೆಯ ತಪ್ಪು.

1.5 ಟೆಸ್ಲಾದ ಯಂತ್ರವು ಪರೀಕ್ಷೆಯ ಹೊತ್ತಿನಲ್ಲಿ ಸೆಕೆಂಡಿಗೆ ಸುಮಾರು 6.4 ಕೋಟಿ ಕಂಪನಗಳ ರೇಡಿಯೋ ತರಂಗವನ್ನು ಶರೀರಕ್ಕೆ ಕಳುಹಿಸುತ್ತದೆ. ವಿದ್ಯುತ್ತನ್ನು ಹರಿಯಗೊಡುವ ಯಾವ ಲೋಹವೇ ಆಗಲಿ ಈ ತರಂಗವನ್ನು ಹಿಡಿದು ಕಾಯಬಲ್ಲುದು. ಮೊಳಕಾಲ್ಮೂರಿನ ಸೀರೆಗೆ ಶೋಭೆ ಕೊಡುವ ಜರಿಯನ್ನೇ ತೆಗೆದುಕೊಳ್ಳಿ: ರೇಷ್ಮೆಯ ಎಳೆಗೆ ಬೆಳ್ಳಿಯ ಸಪೂರ ಪಟ್ಟಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟ ಹಳೆಯ ಜರಿಯೂ, ತಾಮ್ರವನ್ನು ಬಳಸಿದ ಇಂದಿನ ಜರಿಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಕೈಯಲ್ಲಿ ಹಿಡಿದ ಕಾಂತದಿಂದ ಪರೀಕ್ಷಿಸಿದರೆ ನಿರ್ದೋಷಿಯಾಗಿಯೇ ಕಾಣುತ್ತದೆ. ಆದರೂ ಅದು ಮೈಗೆ ತಗುಲಿರುವ ಉದ್ದನೆಯ ಲೋಹವಾಹಕ. ಲೋಹದ ಎಳೆಯಿರುವ ಒಳಉಡುಪುಗಳನ್ನು ತೊಟ್ಟು ಮಲಗಿದವರ ಚರ್ಮ ಸುಟ್ಟ ನಿದರ್ಶನಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಆಸ್ಪತ್ರೆಗೆಂದು ಒಳ್ಳೆಯ ಸೀರೆ ಉಟ್ಟು ಬಂದ ಅಜ್ಜಿಯನ್ನು ಆಸ್ಪತ್ರೆಯ ಹತ್ತಿ ನಿಲುವಂಗಿಗೆ ಒಪ್ಪಿಸುವುದು ಸುಲಭವಲ್ಲ, ಆದರೂ ಒಪ್ಪಿಸಲೇಬೇಕು. ಬಿಗಿಯಾಗಿ ಕೂತ ಬೆಳ್ಳಿಯ ಕಾಲುಂಗುರಗಳನ್ನೂ ಹಾಗೆಯೇ. ಇನ್ನೂ ಸೋಜಿಗವೆಂದರೆ ಲೋಹವಿಲ್ಲದೆಯೂ ಸುಡಬಹುದು: ಕೈಗಳನ್ನು ಜೋಡಿಸಿದಾಗ, ಬರಿತೊಡೆಗಳು ತಾಗಿದಾಗ, ಶರೀರವೇ ಒಂದು ಮುಚ್ಚಿದ ಬಳೆಯಾಗಿ ವಿದ್ಯುತ್ತು ಸುತ್ತುತ್ತದೆ. ನೂರು ಡೆಸಿಬೆಲ್ಲಿಗೂ ಮಿಕ್ಕಿ ಬಡಿಯುವ ಆ ಸದ್ದಿಗೆ ಹೆದರಿ ಮನೆದೇವರನ್ನು ನೆನೆದು ಕೈಮುಗಿಯುವ ರೋಗಿಗೆ, ಕೈಗಳನ್ನು ಪಕ್ಕದಲ್ಲಿ ಬೇರೆಬೇರೆಯಾಗಿ ಇಟ್ಟುಕೊಂಡೇ ಪ್ರಾರ್ಥಿಸಬೇಕೆಂದು ಮೊದಲೇ ಹೇಳಿ, ಕಿವಿಗೆ ಬಿರಡೆಯನ್ನು ಕೊಡಬೇಕು.

ಮೈಯೊಳಗಿನ ಲೋಹವನ್ನು ಕಣ್ಣಿಂದ ಕಾಣಲಾಗದು. ಮೂಳೆ ಮುರಿದಾಗ ಹಾಕಿದ ಟೈಟೇನಿಯಂ ಪಟ್ಟಿ, ರಾಡುಗಳಿಗೆ ಬಹುತೇಕ ಅಡ್ಡಿಯಿಲ್ಲ. ಹೃದಯದ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ಪು, ಕಿವಿಯೊಳಗೆ ಕೂರಿಸಿದ ಶ್ರವಣಸಾಧನ, ಇವು ಯಾವ ತಯಾರಿಕೆಯವೆಂದು ತಿಳಿಯದೆ ಬಾಗಿಲು ದಾಟಗೊಡಬಾರದು. ಇದು ರೋಗಿಗೆಷ್ಟೋ ಜೊತೆಗೆ ಬಂದವನಿಗೂ ಅಷ್ಟೇ ಅನ್ವಯಿಸುವುದು. ವೆಲ್ಡಿಂಗ್ ಅಂಗಡಿಯಲ್ಲೋ ಲೇತಿನ ಮುಂದೆಯೋ ದುಡಿದವರ ಕಣ್ಣಿಗೆ ಎಂದೋ ಹಾರಿದ್ದ ಉಕ್ಕಿನ ಚೂರು ಒಳಗೆ ಉಳಿದಿದ್ದರೆ, ಕಾಂತಕ್ಷೇತ್ರದಲ್ಲಿ ಅದು ಕದಲಿ ದೃಷ್ಟಿಯನ್ನೇ ಕಳೆಯಬಹುದು. ಅಂಥವರ ಕಣ್ಣನ್ನು ಮೊದಲು ಎಕ್ಸರೇಯಿಂದ ನೋಡುವುದು ಪದ್ಧತಿ.

ತಾನಾಗಿ ಆರದ ಈ ಅಯಸ್ಕಾಂತವನ್ನು ಆಪತ್ಕಾಲದಲ್ಲಿ ಆರಿಸಲೆಂದೇ ಗೋಡೆಯ ಮೇಲೆ ಮುಚ್ಚಳವಿರುವ ಒಂದು ಗುಂಡಿ ಇರುತ್ತದೆ. ಮನುಷ್ಯನೊಬ್ಬ ಯಂತ್ರಕ್ಕೆ ಸಿಕ್ಕಿ ಪ್ರಾಣಾಪಾಯದಲ್ಲಿದ್ದಾಗ ಅದನ್ನು ಒತ್ತಿದರೆ ಹೀಲಿಯಂ ಕುದಿದು ಹಾರಿಹೋಗಿ, ಒಂದೆರಡು ನಿಮಿಷಗಳೊಳಗಾಗಿ ಕಾಂತಬಲ ಅಡಗುತ್ತದೆ. ಒಂದು ಲೀಟರು ದ್ರವ 700 ಲೀಟರಿಗೂ ಹೆಚ್ಚು ಅನಿಲವಾಗುವುದರಿಂದ, ಚಾವಣಿಯ ಕೊಳವೆ ಅದನ್ನು ಹೊರಗೊಯ್ಯದೆ ಹೋದರೆ ಕೋಣೆಯ ಗಾಳಿಯಲ್ಲಿ ಆಮ್ಲಜನಕವೇ ಉಳಿಯದು. ಆ ಕೊಳವೆಯ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದೆಯೆ ಎಂದು ಆಗಾಗ ಹತ್ತಿ ನೋಡುವವನ ಕೆಲಸ ಯಾವ ತಜ್ಞನ ಕೆಲಸಕ್ಕೂ ಕಡಮೆಯದಲ್ಲ.

ಎಕ್ಸರೇ, ಸಿ.ಟಿ. ಯಂತ್ರಗಳ ಮೇಲೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಹಿಡಿತವಿದೆ, ವಿಕಿರಣವಿಲ್ಲದ ಎಂ.ಆರ್.ಐ. ಅದರ ವ್ಯಾಪ್ತಿಗೆ ಬರುವುದಿಲ್ಲ. ಆದುದರಿಂದ ಬಾಗಿಲಲ್ಲಿ ತೂಗುಹಾಕಿದ ಫಲಕಕ್ಕೂ ಅಲ್ಲಿ ನಿಂತು ಹೇಳುವವನ ಮಾತಿಗೂ ಹೆಚ್ಚಿನ ಬೆಲೆಯುಂಟು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವುಗಳಲ್ಲಿಯೂ ಆಜ್ಞೆಯು ಸುವರ್ಣಗಿರಿಯ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಬಂದಿತೆಂದು ಕೊರೆದಿದೆ. ಕಲ್ಲಿನ ಮೇಲೆ ಕೊರೆಸಿದ ಚಕ್ರವರ್ತಿಗೂ ನಡುವೆ ಜನರಿಗೆ ತಿಳಿಯಹೇಳುವವರು ಬೇಕಾಗಿದ್ದರು. ಇಂಗ್ಲಿಷಿನಲ್ಲಿ ಮಾತ್ರ ಬರೆದ ಕೆಂಪು ಫಲಕವನ್ನು ರಾಯದುರ್ಗದ ಗಡಿಯ ಹಳ್ಳಿಯಿಂದ ಬಂದವನು ಓದಲಾರ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅದನ್ನು ಬರೆಸಿ, ಬಾಯಿಂದಲೂ ಹೇಳುವುದು ಆಸ್ಪತ್ರೆಯವರ ಹೊಣೆ.

ಪರೀಕ್ಷೆಗೆ ಹೊರಡುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಹಳೆಯ ಆಪರೇಷನ್ನಿನ ಕಾಗದಗಳೆಲ್ಲವನ್ನೂ, ಹತ್ತು ವರ್ಷದ ಹಿಂದಿನವಾದರೂ ಸರಿ, ಚೀಲದಲ್ಲಿ ಹಾಕಿಕೊಳ್ಳಿ; ಒಡವೆಗಳನ್ನು ಮನೆಯಲ್ಲೇ ಬಿಚ್ಚಿಟ್ಟು, ಜರಿಯಿಲ್ಲದ ಹತ್ತಿಬಟ್ಟೆಯನ್ನು ಉಟ್ಟು ಹೋಗಿ; ಒಳಗಿನಿಂದ ನಿಮ್ಮವರು ಕೂಗಿ ಕರೆದರೂ, ತಂತ್ರಜ್ಞನು ಬನ್ನಿರೆನ್ನುವ ತನಕ ಹೊರಗಿನ ಬೆಂಚನ್ನು ಬಿಟ್ಟು ಏಳಬೇಡಿ.