ಹಣೆ ಹತ್ತಿ ಇಳಿದ ಕಣ್ಣು

ಅಲಾಸ್ಕಾದ ಹೋಮರ್ ಊರಿನಲ್ಲಿ ನೆಲ ಮುಗಿದರೂ ರಸ್ತೆ ಮುಗಿಯುವುದಿಲ್ಲ. ಮರಳು, ಜಲ್ಲಿಗಳ ಕಿರಿದಾದ ದಿಬ್ಬವೊಂದು ಸುಮಾರು ಏಳು ಕಿಲೋಮೀಟರ್ ಉದ್ದಕ್ಕೆ ಕಡಲೊಳಗೆ ಚಾಚಿಕೊಂಡಿದೆ; ಹೆದ್ದಾರಿ ಅದರ ಬೆನ್ನೇರಿ ತುದಿಯವರೆಗೂ ಹೋಗುತ್ತದೆ! ಎರಡೂ ಕಡೆ ಕಚೆಮಾಕ್ ಕೊಲ್ಲಿಯ ತಣ್ಣನೆಯ ನೀರು, ಆಚೆ ದಡದಲ್ಲಿ ಹಿಮನದಿಗಳನ್ನು ಹೊತ್ತ ಬೆಟ್ಟಗಳು. 1964ರಲ್ಲಿ ಅಲಾಸ್ಕಾವನ್ನು ನಡುಗಿಸಿದ ಭೂಕಂಪದ ತೀವ್ರತೆ 9.2. ಆಗ ಈ ದಿಬ್ಬ ಹಲವು ಅಡಿ ಕುಸಿದಿತ್ತು. ಜನ ಹೆದರಿ ಓಡಿಹೋದರೇ? ಎಲ್ಲಿಯದು! ಬೇಸಿಗೆ ಬಂತೆಂದರೆ ಅದರ ಮೇಲೆಯೇ ಡೇರೆ ಹೂಡುತ್ತಾರೆ. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಮಕ್ಕಳನ್ನು ಮಲಗಿಸುವುದು ಹೇಗೋ, ಆ ತಾಯಂದಿರನ್ನೇ ಕೇಳಬೇಕು.

ಸಾಲ್ಮನ್ ಹಿಡಿಯಲು ಬರುವವರೂ ಇದ್ದಾರೆ, ಕಯಾಕ್ ಹತ್ತುವವರೂ ಇದ್ದಾರೆ. ಆದರೆ ದಿಬ್ಬದ ಬಂದರಿನಿಂದ ಬೆಳಗ್ಗೆ ಹೊರಡುವ ಬಾಡಿಗೆ ದೋಣಿಗಳಲ್ಲಿ ಹೆಚ್ಚಿನವು ಹುಡುಕುವುದು ಒಂದೇ ಮೀನನ್ನು: ಹ್ಯಾಲಿಬಟ್. ಚಪ್ಪಟೆ ಮೀನು, ಆದರೆ ಎಂಥ ಚಪ್ಪಟೆ! 1996ರಲ್ಲಿ ಅಲಾಸ್ಕಾದ ಉನಲಾಸ್ಕಾ ಬಳಿ ಹವ್ಯಾಸಿಯೊಬ್ಬರ ಗಾಳಕ್ಕೆ ಸಿಕ್ಕ ಮೀನು 459 ಪೌಂಡ್ ತೂಗಿತು. ಅಂದರೆ 208 ಕಿಲೋ. ದೋಣಿಯವರು ಇಂಥ ದೈತ್ಯವನ್ನು ‘ಕೊಟ್ಟಿಗೆ ಬಾಗಿಲು’ ಎಂದೇ ಕರೆಯುತ್ತಾರೆ. ಆ ಗಾತ್ರದವೆಲ್ಲ ಹೆಚ್ಚುಕಡಿಮೆ ಹೆಣ್ಣುಗಳೇ. ಗಂಡು 45 ಕಿಲೋ ಮುಟ್ಟುವುದೇ ಅಪರೂಪ.

ಹಿಡಿಯುವ ಬಗೆಯೂ ನಮ್ಮ ಎಣಿಕೆಗೆ ತಿರುಗುಮುರುಗು. ಮಂಗಳೂರಿನಲ್ಲಿ ಭರತ-ಇಳಿತದ ನಡುವಿನ ಅಂತರ ಎರಡು ಮೀಟರ್ ಮುಟ್ಟುವುದಿಲ್ಲ. ಇಲ್ಲಿ ಅದು ಆರೇಳು ಮೀಟರ್‌ವರೆಗೂ ಹೋಗುತ್ತದೆ. ಅಷ್ಟು ನೀರು ಆರು ಗಂಟೆಯೊಳಗೆ ಒಳನುಗ್ಗಿ, ಮತ್ತಾರು ಗಂಟೆಯಲ್ಲಿ ವಾಪಸು ಹರಿಯಬೇಕು! ಆ ಸೆಳೆತಕ್ಕೆ ಸಿಕ್ಕರೆ ಕಿಲೋ ತೂಕದ ಸೀಸದ ಗುಂಡು ಕೂಡ ತಳದಲ್ಲಿ ನಿಲ್ಲದು. ಹಾಗಾಗಿ ಭರತ ತುಂಬಿ ಇನ್ನೇನು ಇಳಿಯಬೇಕು ಎನ್ನುವ ಆ ಬಿಡುವಿಗಾಗಿ ಎಲ್ಲರೂ ಕಾಯುತ್ತಾರೆ. ಹೆರಿಂಗ್ ಮೀನನ್ನು ಎರೆಯಾಗಿ ಚುಚ್ಚಿದ ಗಾಳ ತಳಕ್ಕೆ ಇಳಿಯುತ್ತದೆ. ಕೋಲು ನಡುಗುತ್ತದೆ. ಕೈ ತಾನಾಗಿಯೇ ಎಳೆಯಲು ಹೋಗುತ್ತದೆ, ಎಳೆಯಬಾರದು! ಇದು ಮೊನೆ ಒಳಕ್ಕೆ ಬಾಗಿದ ಗುಂಡು ಗಾಳ. ಜಗ್ಗಿದರೆ ಬಾಯಿಂದ ಜಾರಿ ಹೊರಬರುತ್ತದೆ. ಸುಮ್ಮನೆ ಬಿಟ್ಟು ನಿಧಾನಕ್ಕೆ ದಾರ ಸುತ್ತಿದರೆ, ಮೀನು ತಿರುಗಿದಾಗ ದವಡೆಯ ಮೂಲೆಗೆ ತಾನೇ ಕೂರುತ್ತದೆ.

ಇದನ್ನೂ ಮೀರಿಸಿದ ಜಾಣತನ ಇದೇ ಕರಾವಳಿಯ ಆಗ್ನೇಯದಲ್ಲಿ ಎಂದೋ ಇತ್ತು. ಟ್ಲಿಂಗಿಟ್ ಮತ್ತು ಹೈಡಾ ಜನರ ಗಾಳ ಮರದ್ದು. ಒಂದು ತೇಲುವ ಹಗುರ ಮರ, ಒಂದು ಭಾರದ ಮರ, ಎರಡನ್ನೂ ಕವೆಯ ಹಾಗೆ ಜೋಡಿಸಿ ಬಿಗಿದು, ಒಳಬದಿಗೆ ಮೂಳೆಯ ಮುಳ್ಳು ಕಟ್ಟುತ್ತಿದ್ದರು. ಒಂದು ತೋಳಿನ ಮೇಲೆ ಪ್ರಾಣಿಯ ಕೆತ್ತನೆ. ಗಾಳ ತಳಕ್ಕೆ ತಾಗದೆ ಸ್ವಲ್ಪ ಮೇಲೆ ತೇಲುತ್ತಿತ್ತು. ಕವೆಯ ಅಗಲವೇ ಮೀನನ್ನು ಆರಿಸುತ್ತಿತ್ತು. ತೀರ ಚಿಕ್ಕದರ ಬಾಯಿಗೆ ಗಾಳ ಹಿಡಿಸದು, ತೀರ ದೊಡ್ಡದರ ತಲೆ ಕವೆಯೊಳಗೆ ತೂರದು. ಮೊಟ್ಟೆಯಿಡುವ ದೊಡ್ಡ ಹೆಣ್ಣು ಕಡಲಿನಲ್ಲೇ ಉಳಿಯುತ್ತಿತ್ತು! ಅಮೆರಿಕ ಮತ್ತು ಕೆನಡಾ ಕೂತು ಹ್ಯಾಲಿಬಟ್ ರಕ್ಷಣೆಗೆ ಒಪ್ಪಂದ ಬರೆದುಕೊಂಡದ್ದು ಎಷ್ಟೋ ಕಾಲದ ನಂತರ, 1923ರಲ್ಲಿ.

ಈಗ ಮೀನು ದೋಣಿಯ ಪಕ್ಕಕ್ಕೆ ಬಂತು ಅನ್ನಿ. ಮೇಲ್ಮೈ ತಳದ ಕೆಸರಿನ ಕಂದು, ಕೆಳಮೈ ಬಿಳಿ ಬಿಳಿ. ಮುಖ ನೋಡಿ! ಬಾಯಿ ಪಕ್ಕಕ್ಕೆ ಸೊಟ್ಟಗೆ ತೆರೆಯುತ್ತದೆ, ಎರಡು ಕಣ್ಣೂ ಬಲಬದಿಯಲ್ಲೇ ಅಕ್ಕಪಕ್ಕ ಕೂತು, ಒಂದು ಅತ್ತ, ಒಂದು ಇತ್ತ ಹೊರಳುತ್ತವೆ. ಹುಟ್ಟುವಾಗ ಹೀಗಿರಲಿಲ್ಲ. ಚಳಿಗಾಲದಲ್ಲಿ ಆಳದ ನೀರಿನಲ್ಲಿ ಮೊಟ್ಟೆಯೊಡೆದ ಮರಿ ಎಲ್ಲ ಮೀನುಗಳಂತೆ ನೆಟ್ಟಗೆ ಈಜುತ್ತದೆ, ಬದಿಗೊಂದು ಕಣ್ಣು. ಅಂಗುಲದಷ್ಟು ಬೆಳೆಯಿತೋ, ತಲೆಬುರುಡೆಯೇ ತಿರುಚಿಕೊಳ್ಳತೊಡಗುತ್ತದೆ. ಎಡಗಣ್ಣು ಹೊರಡುತ್ತದೆ, ಹಣೆಯ ಏರು ಹತ್ತುತ್ತದೆ, ಆಚೆ ಇಳಿಯುತ್ತದೆ, ಬಲಗಣ್ಣಿನ ಪಕ್ಕ ನೆಲೆಯಾಗುತ್ತದೆ. ಆಮೇಲೆ ಮೀನು ಎಡಮಗ್ಗುಲಿಗೆ ಮಲಗಿದ್ದು ಎದ್ದು ನಿಲ್ಲುವುದೇ ಇಲ್ಲ. ಅದರ ಕಿವಿಯೊಳಗಿನ ಪುಟ್ಟ ಕಲ್ಲಿನ ಉಂಗುರಗಳನ್ನು ಎಣಿಸಿ ವಿಜ್ಞಾನಿಗಳು ವಯಸ್ಸು ಹೇಳುತ್ತಾರೆ, 55 ವರ್ಷದವೂ ಸಿಕ್ಕಿವೆ. ಐವತ್ತೈದು ವರ್ಷ ಒಂದೇ ಮಗ್ಗುಲು!

ಈ ಕಣ್ಣು ಡಾರ್ವಿನ್‌ನನ್ನೂ ಕಾಡಿತ್ತು. ಜೀವಿಗಳು ಹಂತಹಂತವಾಗಿ ಬದಲಾಗುತ್ತವೆ ಎಂಬ ಅವನ ವಾದಕ್ಕೆ ಸೇಂಟ್ ಜಾರ್ಜ್ ಮೈವರ್ಟ್ ಎಂಬ ವಿಜ್ಞಾನಿ 1871ರಲ್ಲಿ ತಕರಾರು ತೆಗೆದ: ಕಣ್ಣು ಪೂರ್ತಿ ಆಚೆ ಬದಿಗೆ ಬಂದರೆ ಸರಿ, ಅರ್ಧ ದಾರಿಯಲ್ಲಿ ನಿಂತ ಕಣ್ಣಿನಿಂದ ಮೀನಿಗೆ ಏನು ಲಾಭ? ಡಾರ್ವಿನ್ ಮರುವರ್ಷವೇ ತನ್ನ ಪುಸ್ತಕದ ಆರನೆಯ ಆವೃತ್ತಿಯಲ್ಲಿ ಉತ್ತರ ಕೊಟ್ಟ. ಸಾಕ್ಷಿಯ ಕಲ್ಲು ಮಾತ್ರ ಸಿಕ್ಕಿರಲಿಲ್ಲ. 2008ರಲ್ಲಿ ಮ್ಯಾಟ್ ಫ್ರೀಡ್‌ಮನ್ ಎಂಬ ಪಳೆಯುಳಿಕೆ ತಜ್ಞರು ಮ್ಯೂಸಿಯಂಗಳಲ್ಲಿ ಹಿಂದಿನಿಂದಲೂ ಇದ್ದ, ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಮತ್ತೆ ನೋಡಿದರು. ಒಂದು ಕಣ್ಣು ಇದ್ದ ಜಾಗ ಬಿಟ್ಟು ಮೇಲೇರಿತ್ತು, ಆದರೆ ನೆತ್ತಿ ದಾಟಿರಲಿಲ್ಲ. ಅರ್ಧ ದಾರಿಯ ಕಣ್ಣು ಇದ್ದದ್ದು ನಿಜ!

ಇಷ್ಟು ಓದಿ ಹೋಮರ್‌ಗೆ ಟಿಕೆಟ್ ತೆಗೆಯಲು ಆಗದಿದ್ದವರು ಮಲ್ಪೆಗೋ ಕಾರವಾರಕ್ಕೋ ಹೋಗಬಹುದು. ಕರಾವಳಿಯವರಿಗೆ ನಂಗು ಮೀನು ಗೊತ್ತೇ ಇದೆ; ಹ್ಯಾಲಿಬಟ್‌ನ ದೂರದ ನೆಂಟ. ಅದನ್ನು ತಿರುಗಿಸಿ ನೋಡಿ, ಅದರ ಕಣ್ಣುಗಳು ಎಡಬದಿಯಲ್ಲಿವೆ. ಅದೃಷ್ಟವಿದ್ದರೆ ಬುಟ್ಟಿಯಲ್ಲಿ ಇಂಡಿಯನ್ ಹ್ಯಾಲಿಬಟ್ ಎಂಬ ಇನ್ನೊಬ್ಬ ನೆಂಟನೂ ಸಿಗಬಹುದು. ಚಪ್ಪಟೆ ಮೀನುಗಳಲ್ಲೇ ಬಹಳ ಹಳೆಯ ಕುಲ ಅದು. ಕೆಲವಕ್ಕೆ ಕಣ್ಣು ಎಡಕ್ಕೆ, ಕೆಲವಕ್ಕೆ ಬಲಕ್ಕೆ. ಹೊರಟ ಕಣ್ಣು ಪೂರ್ತಿ ಆಚೆ ಇಳಿಯದೆ ನೆತ್ತಿಯ ಅಂಚಿನಲ್ಲೇ ಕೂತಿರುತ್ತದೆ. ಮೈವರ್ಟ್ ಕೇಳಿದ ಪ್ರಶ್ನೆಗೆ ಹೆಚ್ಚುಕಡಿಮೆ ಉತ್ತರವೇ ಆದ ಮೀನನ್ನು ನಮ್ಮ ದಡದಲ್ಲಿ ಸಾರು ಮಾಡಿ ತಿನ್ನುತ್ತಾರೆ!